ವಿಕಿಪೀಡಿಯ ಚಿತ್ರಗಳಿಗೆ ಕನ್ನಡ ಹೆಸರು ಹಾಕಿದರೆ ಅಕ್ಷರ ಕೆಡುತ್ತಿವೆ. ಬಾವುಟ, ಲೋಗೋ ಬಗ್ಗೆಯೂ ಕೇಳಬೇಕಿತ್ತು

ಗೆರೆಬಣ್ಣ:
ನಮಸ್ಕಾರ. ವಿಕಿಪೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿರುವ ಮನುಷ್ಯನ ಹೃದಯದ ಎಸ್‌ವಿಜಿ (ಗೆರೆ, ಆಕಾರಗಳಿಂದಾದ ವೆಕ್ಟರ್) ಚಿತ್ರಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕನ್ನಡ ಹೆಸರು ಹಾಕುತ್ತಿದ್ದೇನೆ. ನನ್ನ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಪ್‌ಲೋಡ್ ಆದ ಮೇಲೆ ಮಾತ್ರ ನುಡಿ ಫಾಂಟಿನ ಹೆಸರುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗುತ್ತವೆ, ಒಂದು ಕಡೆ ಕಪ್ಪು ಆಯತ ಬರುತ್ತದೆ, ಯೂನಿಕೋಡ್ ಹೆಸರುಗಳು ಅಗಲವಾಗಿ ಚಿತ್ರದ ಮೇಲೆಯೇ ಹತ್ತುತ್ತವೆ. ಎಲ್ಲ ಪಠ್ಯವನ್ನೂ ಪಾತ್ (ಗೆರೆಯ ಆಕಾರ) ಮಾಡಿಬಿಟ್ಟರೆ ಆಗುತ್ತದೆಯೇ?

ಇನ್ನೆರಡು ಪ್ರಶ್ನೆ. ಬಾವುಟಗಳ ಹಳೆಯ ಪಿಎನ್‌ಜಿಗಳನ್ನು (ಪಿಕ್ಸೆಲ್ ಚಿತ್ರಗಳನ್ನು) ಟ್ರೇಸ್ ಬಿಟ್‌ಮ್ಯಾಪ್, ಅಂದರೆ ಅಂಚುಗಳನ್ನು ತಾನೇ ಗೆರೆಯಾಗಿಸುವ ಆಜ್ಞೆ, ಕೊಟ್ಟು ಎಸ್‌ವಿಜಿ ಮಾಡಬಹುದೇ? ಒಂದು ಬ್ಯಾಂಕಿನ ಲೋಗೋ ಮಸುಕಾಗಿದೆ, ಅದನ್ನು ಹೊಸದಾಗಿ ಬರೆದು ಕಾಮನ್ಸ್‌ಗೆ ಹಾಕಬಹುದೇ?

ಅಚ್ಚುಮೊಳೆ:
ಪಾತ್ ಮಾಡಬೇಡಿ. ಪಾತ್ ಆದ ಪಠ್ಯ ಬರೀ ಗೆರೆ. ಅದರಲ್ಲಿ ಒಂದು ಕಾಗುಣಿತದ ತಪ್ಪಿದ್ದರೂ ಮುಂದಿನವರು ತಿದ್ದಲಾರರು, ಹುಡುಕಿದರೆ ಸಿಗದು, ತುಳುವಿಗೋ ಕೊಂಕಣಿಗೋ ಅನುವಾದಿಸಲೂ ಬಾರದು. ಲೋಗೋದೊಳಗಿನ ಅಕ್ಷರ ಪಾತ್ ಆಗಿರಲಿ, ರೇಖಾಚಿತ್ರದ ಹೆಸರುಗಳು ಪಠ್ಯವಾಗಿಯೇ ಉಳಿಯಲಿ.

ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ಓದುಗರಿಗೆ ಲೇಖನದಲ್ಲಿ ಕಾಣುವುದು ನಿಮ್ಮ ಎಸ್‌ವಿಜಿ ಅಲ್ಲ. ವಿಕಿಮೀಡಿಯ ಸರ್ವರ್ ಅದನ್ನು ಲಿಬ್‌ಆರ್‌ಎಸ್‌ವಿಜಿ ಎಂಬ ತಂತ್ರಾಂಶದಿಂದ ಪಿಎನ್‌ಜಿ ಮಾಡಿ ಕಳಿಸುತ್ತದೆ. ಆ ಸರ್ವರಿನಲ್ಲಿ ಇಲ್ಲದ ಫಾಂಟು ಚಿತ್ರದಲ್ಲೂ ಇಲ್ಲ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕಡತದೊಳಗೆ ಇರುವುದೇ ಇಂಗ್ಲಿಷ್ ಸಂಕೇತಗಳು, ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತಿರುತ್ತದೆ ಅಷ್ಟೆ. ಅಂಥ ಪಠ್ಯವನ್ನು ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತನ್ನಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಹೆಚ್ಚಾಗಿ ಅಲ್ಲೇ. ತುಂಗಾ ವಿಂಡೋಸ್‌ನ ಫಾಂಟು, ಅದನ್ನೂ ನಂಬಬೇಡಿ. ಫಾಂಟ್ ಹೆಸರಿನಲ್ಲಿ ನೋಟೋ ಸಾನ್ಸ್ ಕನ್ನಡ ಎಂದು ಬರೆದು, ಅಲ್ಪವಿರಾಮ ಹಾಕಿ ಸಾನ್ಸ್-ಸೆರಿಫ್ ಸೇರಿಸಿ. ಸರ್ವರಿನಲ್ಲಿರುವ ಫಾಂಟುಗಳ ಪಟ್ಟಿ ವಿಕಿಮೀಡಿಯ ಯೋಜನೆಗಳ ಸಮನ್ವಯ ತಾಣವಾದ ಮೆಟಾ-ವಿಕಿಯಲ್ಲಿದೆ, ಒಮ್ಮೆ ತಾಳೆ ನೋಡಿಕೊಳ್ಳಿ.

ಕಪ್ಪು ಆಯತ ಫ್ಲೋ-ರೂಟ್‌ನ ಕೆಲಸ. ಹಳೆಯ ಇಂಕ್‌ಸ್ಕೇಪ್‌ನಲ್ಲಿ ಪಠ್ಯದ ಉಪಕರಣ ಹಿಡಿದು ಮೌಸ್ ಎಳೆದರೆ ಪಠ್ಯ ಒಂದು ಚೌಕಟ್ಟಿನೊಳಗೆ ಹರಿಯುವಂತೆ ದಾಖಲಾಗುತ್ತದೆ. ಲಿಬ್‌ಆರ್‌ಎಸ್‌ವಿಜಿಗೆ ಅದು ಅರ್ಥವಾಗದು, ಚೌಕಟ್ಟನ್ನೇ ಕಪ್ಪಾಗಿ ತುಂಬುತ್ತದೆ. ಪಠ್ಯವನ್ನು ಆರಿಸಿ ಟೆಕ್ಸ್ಟ್ ಮೆನುವಿನಲ್ಲಿ ಕನ್ವರ್ಟ್ ಟು ಟೆಕ್ಸ್ಟ್ ಕೊಡಿ. ಅದಾದ ಮೇಲೂ ಆಯತ ಉಳಿದರೆ ಎಲ್ಲೋ ಖಾಲಿ ಚೌಕಟ್ಟೊಂದು ಅಡಗಿದೆ: ಕಂಟ್ರೋಲ್-ಶಿಫ್ಟ್-ಎಕ್ಸ್ ಒತ್ತಿ, ಎಕ್ಸ್‌ಎಂಎಲ್ ಎಡಿಟರ್‌ನಲ್ಲಿ ಹುಡುಕಿ ಅಳಿಸಿ. ಮುಂದೆ ಎಳೆಯದೆ ಕ್ಲಿಕ್ ಮಾಡಿ ಟೈಪ್ ಮಾಡಿ. ಸಾಲು ಮುರಿಯಬೇಕಾದಲ್ಲಿ ಎಂಟರ್ ಒತ್ತಿ.

ಹೆಸರು ಚಿತ್ರದ ಮೇಲೆ ಹತ್ತುವುದನ್ನು ಜೋಡಣೆಯಿಂದಲೇ ತಡೆಯಬೇಕು. ಚಿತ್ರದ ಎಡಬದಿಗೆ ಬರುವ ಹೆಸರುಗಳಿಗೆ ಬಲ ಜೋಡಣೆ (ರೈಟ್ ಅಲೈನ್) ಕೊಡಿ, ಬಲಬದಿಯವಕ್ಕೆ ಎಡ ಜೋಡಣೆ. ಅಂದರೆ ಪಠ್ಯದ ಆಸರೆ ಬಿಂದು ಸೂಚಕ ಗೆರೆಯ ತುದಿಯಲ್ಲೇ ಇರಬೇಕು. ಆಗ ಫಾಂಟು ಬದಲಾದರೂ, ಹೆಸರು ಉದ್ದವಾದರೂ ಅದು ಹೊರಗಿನ ಖಾಲಿ ಜಾಗಕ್ಕೆ ಬೆಳೆಯುತ್ತದೆ. ‘ಪುಪ್ಪುಸಕ ಅಪಧಮನಿ’ಯಂಥದ್ದನ್ನು ಎರಡು ಸಾಲು ಮಾಡಿ. ಕನ್ನಡಕ್ಕೆ ಸಾಲಿನ ಅಂತರ 1.4ರಿಂದ 1.5 ಬೇಕು, ಇಂಗ್ಲಿಷಿನ 1.2ನ್ನೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಅಕ್ಷರದ ಗಾತ್ರವನ್ನು ಲೆಕ್ಕ ಹಾಕಿಯೇ ಇಡಿ. ವ್ಯೂಬಾಕ್ಸ್ (ಎಸ್‌ವಿಜಿಯೊಳಗಿನ ಚಿತ್ರದ ಚೌಕಟ್ಟಿನ ಅಳತೆ) 800 ಅಗಲವಿದ್ದು ಲೇಖನದಲ್ಲಿ ಚಿತ್ರ 250 ಪಿಕ್ಸೆಲ್‌ಗೆ ಇಳಿದರೆ, 20 ಅಳತೆಯ ಅಕ್ಷರ 6 ಪಿಕ್ಸೆಲ್ ಚಿಲ್ಲರೆಗೆ ಬರುತ್ತದೆ, ಓದಲಾಗದು. 10 ಪಿಕ್ಸೆಲ್ ಉಳಿಯಬೇಕಾದರೆ 32 ಇಡಬೇಕು. ಅಷ್ಟು ದೊಡ್ಡದಿಟ್ಟರೆ ಜಾಗ ಸಾಲುವುದಿಲ್ಲ ಎಂದಾದರೆ ಹೆಸರುಗಳೇ ಜಾಸ್ತಿಯಾಗಿವೆ ಎಂದರ್ಥ. ಕೆಲವನ್ನು ಬಿಡಿ, ಇಲ್ಲವೇ ಅಂಕಿ ಹಾಕಿ ವಿವರವನ್ನು ಚಿತ್ರದ ಕೆಳಗೆ ಕೊಡಿ.

ಹೃದಯದ ಚಿತ್ರದಲ್ಲಿ ಇನ್ನೊಂದು ಎಚ್ಚರ. ಬಲ ಹೃತ್ಕರ್ಣ ನೋಡುವವರ ಎಡಗಡೆಗೇ ಬರಬೇಕು, ಏಕೆಂದರೆ ದೇಹ ನಮ್ಮ ಕಡೆ ಮುಖ ಮಾಡಿದೆ. ಪುಪ್ಪುಸಕ ಅಪಧಮನಿಗೆ ನೀಲಿ, ಪುಪ್ಪುಸಕ ಅಭಿಧಮನಿಗಳಿಗೆ ಕೆಂಪು ಬಣ್ಣ ಇರುವುದೂ ಸರಿಯೇ: ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ಮರಳುವ ರಕ್ತದಲ್ಲಿ ಹೆಚ್ಚು. ಇವನ್ನು ತಪ್ಪೆಂದು ತಿಳಿದು ಯಾರಾದರೂ ‘ಸರಿಪಡಿಸುತ್ತಲೇ’ ಇರುತ್ತಾರೆ. ಚಿತ್ರದ ವಿವರಣೆಯಲ್ಲಿ ಒಂದು ಸಾಲು ಬರೆದಿಡಿ.

ಗೆರೆಬಣ್ಣ:
ಧನ್ಯವಾದ, ಕಪ್ಪು ಆಯತ ಹೋಯಿತು. ಹಾಗಾದರೆ ಕನ್ನಡಕ್ಕೆ ಬೇರೆ ಕಡತ ಬೇಕೋ, ಅಥವಾ ಮೂಲ ಕಡತದಲ್ಲೇ ಸೇರಿಸುವುದೋ? ಪಿಡಿಎಫ್‌ನಿಂದ ತಂದ ಇನ್ನೊಂದು ಚಿತ್ರದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿವೆ.

ಅಚ್ಚುಮೊಳೆ:
ಮೂಲದಲ್ಲಿ ಪಠ್ಯ ಪಠ್ಯವಾಗಿಯೇ ಇದ್ದರೆ ಅದೇ ಕಡತಕ್ಕೆ ಸೇರಿಸಿ. ಎಸ್‌ವಿಜಿ ಟ್ರಾನ್ಸ್‌ಲೇಟ್ ಎಂಬ ಉಪಕರಣ ವಿಕಿಮೀಡಿಯದ ಉಪಕರಣಗಳ ತಾಣವಾದ ಟೂಲ್‌ಫೋರ್ಜ್‌ನಲ್ಲಿದೆ. ಕಡತದ ಹೆಸರು ಕೊಟ್ಟರೆ ಪಠ್ಯದ ಸಾಲುಗಳನ್ನು ಪಟ್ಟಿ ಮಾಡಿ ಎದುರಿಗೆ ಕನ್ನಡ ತುಂಬಲು ಜಾಗ ಕೊಡುತ್ತದೆ. ಒಳಗೆ ಅದು ಮಾಡುವುದು ಇಷ್ಟು: ಪ್ರತಿ ಹೆಸರನ್ನೂ ಸ್ವಿಚ್ ಎಂಬ ಗುಂಪಿನಲ್ಲಿಟ್ಟು ಭಾಷೆವಾರು ಪಠ್ಯ ಸೇರಿಸುತ್ತದೆ. ಕೈಯಲ್ಲೇ ಬರೆಯುವುದಾದರೆ ಭಾಷೆಯ ಗುರುತಿಲ್ಲದ ಮೂಲ ಪಠ್ಯ ಗುಂಪಿನ ಕೊನೆಗೇ ಬರಬೇಕು. ಮೊದಲು ಬಂದರೆ ಉಳಿದ ಯಾವ ಭಾಷೆಯೂ ಕಾಣುವುದಿಲ್ಲ. ಟಿಸ್ಪ್ಯಾನ್ (ಪಠ್ಯದ ತುಣುಕನ್ನು ಸುತ್ತುವ ಟ್ಯಾಗ್) ಒಳಗೆ ಇನ್ನೊಂದು ಟಿಸ್ಪ್ಯಾನ್ ಇದ್ದರೆ ಉಪಕರಣ ತಕರಾರು ಮಾಡುತ್ತದೆ, ಮೊದಲು ಅದನ್ನು ಬಿಡಿಸಿ. ಲೇಖನದಲ್ಲಿ ಚಿತ್ರ ಹಾಕುವಾಗ ಲ್ಯಾಂಗ್ ನಿಯತಾಂಕಕ್ಕೆ ಕನ್ನಡದ ಎರಡಕ್ಷರದ ಸಂಕೇತ (ಕೆ, ಎನ್) ಕೊಡಿ.

ಪಿಡಿಎಫ್‌ನಿಂದ ಬಂದ ಪಠ್ಯದಲ್ಲಿ ಅಕ್ಷರಕ್ಕೊಂದು ಎಕ್ಸ್ ಅಂಕಿ ಅಂಟಿಕೊಂಡಿರುತ್ತದೆ. ಅಕ್ಷರಗಳು ಕೂಡಿ ಒತ್ತಾಗದಿರಲು ಅದೇ ಕಾರಣ, ಎಷ್ಟೋ ಸಲ ಅಕ್ಷರಗಳ ಕ್ರಮವೂ ಹಿಂದುಮುಂದಾಗಿರುತ್ತದೆ. ರಿಪೇರಿಗೆ ಹೋಗಬೇಡಿ. ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುವ ಕೆಲಸ.

ಕಡ್ಡಿಚಕ್ರ:
ಬಾವುಟದ ಬಗ್ಗೆ ನಾನು ಹೇಳುತ್ತೇನೆ. ಬಾವುಟವನ್ನು ಟ್ರೇಸ್ ಮಾಡಲೇಬೇಡಿ. ಟ್ರೇಸ್ ಮಾಡಿದರೆ ನೇರ ಅಂಚು ನೂರಾರು ಬಿಂದುಗಳ ಅಲೆಯಾಗುತ್ತದೆ, ಪಿಎನ್‌ಜಿಯ ಮಸುಕು ಅಂಚೇ ಮೂರನೆಯ ಬಣ್ಣದ ಪಟ್ಟಿಯಾಗಿ ಉಳಿಯುತ್ತದೆ. ಪಿಎನ್‌ಜಿಯನ್ನು ಹಾಗೇ ಎಸ್‌ವಿಜಿಯೊಳಗೆ ತುರುಕುವುದು ಇನ್ನೂ ಕೆಟ್ಟದ್ದು, ಅಂಥವಕ್ಕೆ ಕಾಮನ್ಸ್‌ನಲ್ಲಿ ಫೇಕ್ ಎಸ್‌ವಿಜಿ ಎಂಬ ಟೆಂಪ್ಲೇಟೇ ಇದೆ. ಬಾವುಟ ಎಂದರೆ ಅಳತೆ. ನಿಯಮ ಹುಡುಕಿ, ಅಂಕಿಯಿಂದ ಬರೆಯಿರಿ.

ನಮ್ಮ ರಾಷ್ಟ್ರಧ್ವಜವನ್ನೇ ತೆಗೆದುಕೊಳ್ಳಿ. ಉದ್ದ-ಎತ್ತರದ ಅನುಪಾತ 3:2. ಪ್ರಮಾಣಿತ ಅಳತೆಗಳಲ್ಲಿ 900×600 ಮಿಲಿಮೀಟರಿನ ಧ್ವಜಕ್ಕೆ ಚಕ್ರದ ವ್ಯಾಸ 185. ಹಾಗಾಗಿ ವ್ಯೂಬಾಕ್ಸನ್ನೂ 900×600 ಇಟ್ಟರೆ ಗುಣಾಕಾರವೇ ಬೇಡ: ಪಟ್ಟಿಗಳು ತಲಾ 200, ಚಕ್ರದ ಕೇಂದ್ರ 450, 300ರಲ್ಲಿ, ಹೊರ ತ್ರಿಜ್ಯ 92.5. ಮೂರು ಪಟ್ಟಿಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟರೆ ಕೆಲವು ಗಾತ್ರಗಳಲ್ಲಿ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಇಡೀ ಆಯತವನ್ನು ಬಿಳಿ ಮಾಡಿ, ಮೇಲೆ ಕೇಸರಿ, ಕೆಳಗೆ ಹಸಿರು ಇಡಿ. 24 ಅರಗಳಿಗೆ ವ್ಯಾಸದುದ್ದಕ್ಕೂ ಹಾಯುವ ಎರಡು ತುದಿಯ ಕಡ್ಡಿ ಒಂದನ್ನು ಬರೆದು, ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತಾ ಒಟ್ಟು 12 ಮಾಡಿ. 30 ಡಿಗ್ರಿ ತಿರುಗಿಸಿದರೆ ಅರ್ಧದ ಮೇಲೆ ಕಡ್ಡಿಗಳು ಒಂದರ ಮೇಲೊಂದು ಕೂತು 12 ಅರ ಮಾತ್ರ ಕಾಣುತ್ತವೆ. ಅಂಚಿನ ಒಳಬದಿಯ ಪುಟ್ಟ ಗುಬುಟುಗಳು ಎರಡು ಅರಗಳ ಸರಿ ನಡುವೆ, ಅಂದರೆ 7.5 ಡಿಗ್ರಿ ಸರಿದು ಬರುತ್ತವೆ. ಇದು ಕೈ ಪಳಗಿಸಲು ಮಾತ್ರ. ಕಾಮನ್ಸ್‌ನ ಧ್ವಜ ಕಡತವನ್ನು ಮುಟ್ಟಬೇಡಿ. ಬಣ್ಣದ ಛಾಯೆ ಬದಲಿಸಬೇಕೆನಿಸಿದರೂ ಮೊದಲು ಚರ್ಚೆ ಪುಟ.

ಕಣ್ಣಿಗೆ ತಪ್ಪೆನಿಸಿ ನಿಯಮದಲ್ಲಿ ಸರಿಯಿರುವುದು ಬಾವುಟಗಳಲ್ಲೂ ಇದೆ. ಬಾಂಗ್ಲಾದೇಶದ್ದು 10:6, ಕೆಂಪು ವೃತ್ತದ ತ್ರಿಜ್ಯ ಉದ್ದದ ಐದನೇ ಒಂದು ಭಾಗ, ಕೇಂದ್ರ ಕಂಬದ ಕಡೆಯಿಂದ ಉದ್ದದ 9/20ರಲ್ಲಿ. 1000×600ರಲ್ಲಿ ಬರೆದರೆ ಕೇಂದ್ರ 450ಕ್ಕೆ ಬರುತ್ತದೆ, 500ಕ್ಕಲ್ಲ. ಜಪಾನಿನದು 1999ರ ಕಾನೂನಿನಂತೆ 2:3 (ಇಲ್ಲಿ ಎತ್ತರ ಮೊದಲು), ವೃತ್ತದ ವ್ಯಾಸ ಎತ್ತರದ 3/5, ಸರಿ ಮಧ್ಯದಲ್ಲಿ. ಆದರೆ 1870ರ ಪ್ರಕಟಣೆಯಂತೆ 7:10, ವೃತ್ತವೂ ಕಂಬದ ಕಡೆಗೆ ಉದ್ದದ ನೂರನೇ ಒಂದು ಭಾಗ ಸರಿದಿತ್ತು. ಎರಡನೇ ಮಹಾಯುದ್ಧದ ಲೇಖನಕ್ಕೆ ಹೊಸ ಬಾವುಟ ಹಾಕುವುದು ತಪ್ಪು. ನೇಪಾಳದ್ದನ್ನಂತೂ ಬರೆದು ನೋಡಲೇಬೇಕು. ರಚನೆಯ ಹೆಜ್ಜೆಗಳು ಅವರ ಸಂವಿಧಾನದ ಅನುಸೂಚಿಯಲ್ಲೇ ಇವೆ, ಅಷ್ಟು ಚೆಂದದ ಜ್ಯಾಮಿತಿ ಬೇರೆ ಬಾವುಟದಲ್ಲಿಲ್ಲ.

ನಮ್ಮ ಹಳದಿ-ಕೆಂಪು ಬಾವುಟದ ವಿಷಯದಲ್ಲಿ ಹೆಸರು ಮುಖ್ಯ. ಅದು ನಾಡಿನ ಪ್ರೀತಿಯ ಬಾವುಟ, ಮ. ರಾಮಮೂರ್ತಿಯವರ ಕೊಡುಗೆ. ರಾಜ್ಯದ ಅಧಿಕೃತ ಧ್ವಜವಲ್ಲ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ತೋರಿಸಿದ ಹಳದಿ-ಬಿಳಿ-ಕೆಂಪು ಬಾವುಟ ಬೇರೆ, ಅದರ ನಡುವೆ ಗಂಡಭೇರುಂಡದ ರಾಜ್ಯ ಲಾಂಛನವಿದೆ. ಅದೂ ಪ್ರಸ್ತಾವ ಮಾತ್ರ. ಒಂದರ ಕಡತದ ಮೇಲೆ ಇನ್ನೊಂದನ್ನು ಹಾಕಿದರೆ ಆ ಕಡತ ಬಳಸಿರುವ ಎಲ್ಲ ಭಾಷೆಯ ಲೇಖನಗಳೂ ಒಂದೇ ಏಟಿಗೆ ತಪ್ಪಾಗುತ್ತವೆ. ಬೇರೆ ಬೇರೆ ಕಡತ ಮಾಡಿ, ವಿವರಣೆಯಲ್ಲಿ ಸ್ಥಿತಿಯನ್ನು ಸ್ಪಷ್ಟವಾಗಿ ಬರೆಯಿರಿ.

ಹಕ್ಕುಪುಟ:
ಲೋಗೋ: ನೀವೇ ಬರೆದರೂ ಹಕ್ಕು ನಿಮ್ಮದಾಗುವುದಿಲ್ಲ. ಬರೀ ಅಕ್ಷರ, ವೃತ್ತ, ಚೌಕಗಳ ಸರಳ ಲೋಗೋ ಆದರೆ ಪಿಡಿ-ಟೆಕ್ಸ್ಟ್‌ಲೋಗೋ (ಸರಳವಾದ್ದರಿಂದ ಕೃತಿಸ್ವಾಮ್ಯವಿಲ್ಲ ಎನ್ನುವ ಟೆಂಪ್ಲೇಟ್) ಜೊತೆಗೆ ಟ್ರೇಡ್‌ಮಾರ್ಕ್ ಟೆಂಪ್ಲೇಟ್ ಹಾಕಿ ಕಾಮನ್ಸ್‌ಗೆ ಕೊಡಬಹುದು. ದೀಪ, ಹಕ್ಕಿ, ಗೋಪುರದಂಥ ಚಿತ್ರವಿದ್ದರೆ ಕಾಮನ್ಸ್ ಬೇಡ. ಕೊಡಬಹುದಾದ ಲೋಗೋ ಆದರೂ ಕಣ್ಣಂದಾಜಿನಲ್ಲಿ ಬರೆಯಬೇಡಿ. ಸಂಸ್ಥೆಯ ವಾರ್ಷಿಕ ವರದಿಯ ಪಿಡಿಎಫ್‌ನಲ್ಲಿ ಲೋಗೋ ಹೆಚ್ಚಾಗಿ ವೆಕ್ಟರ್ ರೂಪದಲ್ಲೇ ಇರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಆ ಪುಟ ತೆರೆದು, ಗುಂಪು ಬಿಡಿಸಿ, ಲೋಗೋ ಬಿಟ್ಟು ಉಳಿದದ್ದನ್ನು ಅಳಿಸಿ, ಕಂಟ್ರೋಲ್-ಶಿಫ್ಟ್-ಆರ್ ಒತ್ತಿ ಪುಟವನ್ನು ಲೋಗೋದ ಅಳತೆಗೆ ತನ್ನಿ.

ಪಠ್ಯಪುಸ್ತಕದ ಚಿತ್ರಗಳನ್ನು ಟ್ರೇಸ್ ಮಾಡುವುದಕ್ಕೂ ಇದೇ ಮಾತು. ಜಲಚಕ್ರ ಯಾರ ಸ್ವತ್ತೂ ಅಲ್ಲ, ಆದರೆ ಪುಸ್ತಕದಲ್ಲಿರುವ ಆ ಚಿತ್ರಕ್ಕೆ ಹಕ್ಕುದಾರರಿದ್ದಾರೆ. ವಿಷಯ ಓದಿ, ನಿಮ್ಮದೇ ವಿನ್ಯಾಸದಲ್ಲಿ ಬರೆಯಿರಿ. ಸಿಸಿ ಬೈ-ಎಸ್‌ಎ 4.0 ಎಂಬ ಮುಕ್ತ ಪರವಾನಗಿಯ ಚಿತ್ರವನ್ನು ಆಧರಿಸಿದರೆ ನಿಮ್ಮದಕ್ಕೂ ಅದೇ ಪರವಾನಗಿ, ಮೂಲದವರ ಹೆಸರೂ ಇರಬೇಕು.

ಅಚ್ಚುಮೊಳೆ:
ಅಪ್‌ಲೋಡಿಗೆ ಮುಂಚೆ ಕ್ಲೀನ್ ಅಪ್ ಡಾಕ್ಯುಮೆಂಟ್ ಕೊಟ್ಟು, ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ, ಕಾಮನ್ಸ್ ಎಸ್‌ವಿಜಿ ಚೆಕರ್‌ನಲ್ಲಿ ಹಾಕಿ ನೋಡಿ. ಸರ್ವರ್ ಹೇಗೆ ಬರೆಯುತ್ತದೆಂದು ಅದೇ ತೋರಿಸುತ್ತದೆ. ಅಪ್‌ಲೋಡ್ ಆದ ಮೇಲೂ ಹಳೆಯದೇ ಕಂಡರೆ ಕ್ಯಾಶೆ (ಉಳಿಸಿಟ್ಟ ಹಳೆಯ ಪ್ರತಿ) ಇರಬಹುದು: ಪುಟವನ್ನು ಪರ್ಜ್ ಮಾಡಿ, ಅಂದರೆ ಸರ್ವರಿನ ಆ ಪ್ರತಿಯನ್ನು ಅಳಿಸಿ, ಕಂಟ್ರೋಲ್-ಎಫ್5 ಒತ್ತಿ, ಆಮೇಲೆ ಯೋಚಿಸಿ. ಹಳೆಯ ಪಿಎನ್‌ಜಿಯನ್ನು ಅಳಿಸಲು ಕೇಳಬೇಡಿ. ಎಸ್‌ವಿಜಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಕಾಮನ್ಸ್ ಅದನ್ನು ತೆಗೆಯುವುದಿಲ್ಲ. ಅದರ ಪುಟದಲ್ಲಿ ‘ವೆಕ್ಟರ್ ವರ್ಷನ್ ಅವೈಲಬಲ್’ ಟೆಂಪ್ಲೇಟ್ ಹಾಕಿ ಹೊಸ ಕಡತದ ಹೆಸರು ಕೊಟ್ಟರೆ ಸಾಕು. ಕೈಗೆ ಹತ್ತದ ಚಿತ್ರವಿದ್ದರೆ ಕಾಮನ್ಸ್‌ನ ಗ್ರಾಫಿಕ್ ಲ್ಯಾಬ್‌ನ ಇಲಸ್ಟ್ರೇಶನ್ ವರ್ಕ್‌ಶಾಪ್‌ನಲ್ಲಿ ಕೋರಿಕೆ ಇಡಿ. ಅಲ್ಲಿನ ಹೆಚ್ಚಿನವರಿಗೆ ಕನ್ನಡ ಬಾರದು, ಆದ್ದರಿಂದ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಎದುರಿಗೆ ಇಂಗ್ಲಿಷ್ ಹೆಸರಿಟ್ಟು ಪಟ್ಟಿ ಕೊಡಿ.