ಓದುಗರ ಸ್ಪಂದನ: ಮೂವತ್ತಕ್ಕೆ ನಿಂತುಹೋದ ಟೈಪಿಂಗ್ ವೇಗ

ಸಮಸ್ಯೆ: ನನಗೆ 26 ವರ್ಷ, ಹಾವೇರಿ ಜಿಲ್ಲೆಯವಳು. ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ‘ಡಿ’ ದರ್ಜೆ ಸ್ಟೆನೊಗ್ರಾಫರ್ ಹುದ್ದೆಯ ಮೊದಲ ಪರೀಕ್ಷೆಯಲ್ಲಿ ಎರಡು ಸಲ ಪಾಸಾಗಿದ್ದೇನೆ. ಎರಡು ಸಲವೂ ಕೌಶಲ ಪರೀಕ್ಷೆಯಲ್ಲಿ ಸೋತೆ. ಅಲ್ಲಿ ಓದಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ, ಅಂದರೆ ಮಾತಿನ ವೇಗಕ್ಕೆ ಬರೆಯುವ ಗೆರೆ, ಗುರುತುಗಳ ಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಟೈಪ್ ಮಾಡಬೇಕು. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಟೈಪಿಂಗ್ ಅಭ್ಯಾಸ ಮಾಡುತ್ತೇನೆ. ಆದರೂ ಇಂಗ್ಲಿಷ್ ವೇಗ ನಿಮಿಷಕ್ಕೆ 30 ಪದ ದಾಟುತ್ತಿಲ್ಲ. ಮನೆಯಲ್ಲಿ ಮದುವೆಯ ಮಾತು ಶುರುವಾಗಿದೆ. ವೇಗ ಹೆಚ್ಚಿಸಿಕೊಳ್ಳುವುದು ಹೇಗೆ?

*

ಮಗಳೇ, ನಿನ್ನ ಪತ್ರ ಓದಿದವಳೇ ಕಾಗದ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿದೆ. ‘ಡಿ’ ದರ್ಜೆಗೆ ನಿಮಿಷಕ್ಕೆ 80 ಪದದಂತೆ 10 ನಿಮಿಷ ಡಿಕ್ಟೇಷನ್, ಒಟ್ಟು 800 ಪದ. ಇಂಗ್ಲಿಷಿನಲ್ಲಾದರೆ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಬರೆಯಲು 50 ನಿಮಿಷ ಕೊಡುತ್ತಾರೆ. ಅಂದರೆ ನಿಮಿಷಕ್ಕೆ 16 ಪದ. ನಿನಗೆ ಮೂವತ್ತು ಬರುತ್ತದೆ! ಇಡೀ ಪಠ್ಯವನ್ನು 27 ನಿಮಿಷದಲ್ಲಿ ಮುಗಿಸಬಲ್ಲವಳು ನೀನು. ಅದಕ್ಕಿಂತ ಮೇಲಿನ ‘ಸಿ’ ದರ್ಜೆಯಲ್ಲಿ 1000 ಪದಕ್ಕೆ 40 ನಿಮಿಷ. ಅಲ್ಲಿಯೂ ನಿಮಿಷಕ್ಕೆ 25 ಪದ ಸಾಕು. ಹಾಗಾದರೆ ಎರಡು ಸಲವೂ ನಿನ್ನನ್ನು ಕೆಡವಿದ್ದು ಬೆರಳು ಎಂದು ನನಗೆ ಅನ್ನಿಸುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಎಲ್ಲೆಲ್ಲಿ ನಿಂತೆ ಎಂದು ನೆನಪು ಮಾಡಿಕೋ. ಕೀಲಿಯ ಮೇಲೆ ಕೈಯಿಟ್ಟುಕೊಂಡು, ನೋಟ್‌ಬುಕ್ಕಿನ ಒಂದು ಗೆರೆಯನ್ನು ದಿಟ್ಟಿಸುತ್ತ ಕೂತಿದ್ದೆ ಅಲ್ಲವೇ?

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅಧಿಕಾರಿಗಳು ಒಂದು ದೊಡ್ಡ ಪತ್ರ ಹೇಳಿ ಬರೆಸಿದರು. ಊಟ ಮುಗಿಸಿ ಬಂದು ಬಿಡಿಸಲು ಕೂತರೆ ನನ್ನ ಬರಹ ನನಗೇ ಅರ್ಥವಾಗಲಿಲ್ಲ. ಪಿಟ್‌ಮನ್ ಶೀಘ್ರಲಿಪಿ ಪದ್ಧತಿಯಲ್ಲಿ ಸ್ವರದ ಗುರುತು ಬಿಟ್ಟರೆ ‘ಪ್ಯಾನ್’, ‘ಪೆನ್’, ‘ಪಿನ್’ ಮೂರಕ್ಕೂ ಒಂದೇ ಗೆರೆ. ಸಾಲಿಗಿಂತ ಮೇಲೆ ಬರೆದರೆ ಮೊದಲನೆಯದು, ಸಾಲಿಗೆ ಕೂರಿಸಿದರೆ ಎರಡನೆಯದು, ಸಾಲನ್ನು ಸೀಳಿ ಬರೆದರೆ ಮೂರನೆಯದು. ಗೆರೆ ತುಸು ದಪ್ಪವಾದರೆ ‘ಪಿನ್’ ಹೋಗಿ ‘ಬಿನ್’ ಆಗಿಬಿಡುತ್ತದೆ. ಅವಸರದಲ್ಲಿ ನಾನು ಎಲ್ಲವನ್ನೂ ಸಾಲಿಗೇ ಕೂರಿಸಿದ್ದೆ, ಎಲ್ಲವನ್ನೂ ಒಂದೇ ದಪ್ಪದಲ್ಲಿ ಎಳೆದಿದ್ದೆ. ಅಂದು ಅಧಿಕಾರಿಗಳ ಕೊಠಡಿಗೆ ಹೋಗಿ ‘ಸರ್, ಇನ್ನೊಮ್ಮೆ ಹೇಳಿ’ ಎಂದು ಕೇಳಬೇಕಾಯಿತು. ಆ ಅವಮಾನ ಇಂದಿಗೂ ಮರೆತಿಲ್ಲ.

ಆಮೇಲೆ ನಾನು ಹಿಡಿದ ಕ್ರಮವನ್ನು ನಿನಗೂ ಹೇಳುತ್ತೇನೆ. ಬರೆದುಕೊಂಡ ಡಿಕ್ಟೇಷನ್ನನ್ನು ಟೈಪ್ ಮಾಡುವ ಮೊದಲು ಒಮ್ಮೆ ಗಟ್ಟಿಯಾಗಿ ಓದು. ತಡವರಿಸಿದ ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕು. ಆ ಗೆರೆಯ ಸರಿಯಾದ ರೂಪವನ್ನು ಇನ್ನೊಂದು ಪುಸ್ತಕದಲ್ಲಿ ಇಪ್ಪತ್ತು ಸಲ ಬರೆ. ಮಾರನೆಯ ದಿನ, ವಿಷಯ ಮರೆತುಹೋಗಿರುವಾಗ, ಅದೇ ನೋಟ್ಸನ್ನು ಮತ್ತೆ ಓದು. ನಿಜವಾದ ಪರೀಕ್ಷೆ ಅದು. ಸಂಸತ್ತಿನ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ‘ಗವರ್ನಮೆಂಟ್ ಆಫ್ ಇಂಡಿಯಾ’, ‘ಆನರಬಲ್ ಮೆಂಬರ್ಸ್’ ಇಂಥ ಪದಗುಚ್ಛಗಳು ಕೈ ಎತ್ತದೆ ಒಂದೇ ಎಳೆತದಲ್ಲಿ ಬರಬೇಕು. ಅಲ್ಲಿ ಉಳಿಸಿದ ಕ್ಷಣದಲ್ಲಿ ಕಷ್ಟದ ಪದವನ್ನು ನೀಟಾಗಿ ಬರೆಯಬಹುದು. ಮನೆಯಲ್ಲಿ ನಿಮಿಷಕ್ಕೆ 100 ಪದದ ಡಿಕ್ಟೇಷನ್ ತೆಗೆದುಕೊಂಡು ಅಭ್ಯಾಸವಾದರೆ ಪರೀಕ್ಷೆಯಲ್ಲಿ 80 ನಿಧಾನವೆನ್ನಿಸುತ್ತದೆ. ಗೆರೆಯ ದಪ್ಪ, ಸ್ಥಾನ ನೋಡಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ಪರೀಕ್ಷೆಯ 50 ನಿಮಿಷವನ್ನು ಹೀಗೆ ಹಂಚಿಕೋ: ಮೊದಲ ಹತ್ತು ನಿಮಿಷ ನೋಟ್ಸ್ ಪೂರ್ತಿ ಓದು, ಸಂಶಯದ ಪದಗಳ ಮೇಲೆ ಪೆನ್ಸಿಲಿನಿಂದ ಅರ್ಥ ಬರೆದುಕೋ. ಮೂವತ್ತು ನಿಮಿಷ ಟೈಪ್. ಕೊನೆಯ ಹತ್ತು ನಿಮಿಷ ತಿದ್ದಲು. ಈ ಲೆಕ್ಕದಲ್ಲಿ ನಿಮಿಷಕ್ಕೆ 27 ಪದ ಬೇಕು. ಹೊಸ ಜಾಗ, ಹೊಸ ಕೀಲಿಮಣೆ, ನಡುಗುವ ಕೈ ಎಲ್ಲಕ್ಕೂ ಸೇರಿಸಿ 35 ಇದ್ದರೆ ನೆಮ್ಮದಿ. ನಿಮಿಷಕ್ಕೆ ಐವತ್ತು ಪದದ ಹಿಂದೆ ಓಡಬೇಡ. ಪದ ಬಿಟ್ಟುಹೋದರೆ, ಒಂದರ ಬದಲು ಇನ್ನೊಂದು ಬಂದರೆ ಪೂರ್ಣ ತಪ್ಪು. ಸ್ಪೆಲ್ಲಿಂಗ್ ಕೆಟ್ಟರೆ, ಏಕವಚನ ಬಹುವಚನ ಅದಲುಬದಲಾದರೆ ಅರ್ಧ ತಪ್ಪು. ಅರ್ಧ ತಪ್ಪುಗಳನ್ನು ಆ ಕೊನೆಯ ಹತ್ತು ನಿಮಿಷದಲ್ಲಿ ಹೆಕ್ಕಿ ತೆಗೆಯಬಹುದು. ಪೂರ್ಣ ತಪ್ಪುಗಳು ಬರುವುದು ಓದಲಾಗದ ಗೆರೆಯಿಂದ.

ನಿನ್ನ ನಾಲ್ಕು ಗಂಟೆಯಲ್ಲಿ ಮೂರನ್ನು ಶೀಘ್ರಲಿಪಿಗೆ ಕೊಡು, ತಾಯಿ.

– ನಿವೃತ್ತ ಶೀಘ್ರಲಿಪಿಗಾರ್ತಿ, ಮೈಸೂರು

*

ಟೈಪಿಂಗ್ ಕಲಿಸುವುದೇ ನನ್ನ ಕಸುಬು. ಮೂವತ್ತಕ್ಕೆ ನಿಂತುಹೋದೆ ಎಂದು ಬರುವ ವಿದ್ಯಾರ್ಥಿಗಳಿಗೆ ಮೊದಲ ದಿನ ಏನನ್ನೂ ಹೇಳುವುದಿಲ್ಲ. ಅವರ ಎರಡೂ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ ಟೈಪ್ ಮಾಡಿಸುತ್ತೇನೆ. ಹೆಚ್ಚಿನವರ ವೇಗ ಒಮ್ಮೆಗೇ ಹದಿನೈದಕ್ಕೆ ಇಳಿಯುತ್ತದೆ. ಅವರಿಗೆ ಗೊತ್ತಿಲ್ಲದೆಯೇ ಕಣ್ಣು ಕೀಲಿಮಣೆಗೆ ಇಳಿದು ಹತ್ತುತ್ತಿರುತ್ತದೆ. ನೀವೂ ಇವತ್ತೇ ಟವೆಲ್ ಹೊದಿಸಿ ನೋಡಿ. ನಿಮ್ಮ ಪರೀಕ್ಷೆಗೆ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಕಣ್ಣು ನೋಟ್‌ಬುಕ್ಕಿನ ಗೆರೆಯ ಮೇಲಿರಬೇಕು. ಕಣ್ಣು ಕದಲಿದರೆ ಸಾಲು ತಪ್ಪುತ್ತದೆ.

‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬು ಇದೆ. ಎರಡು ತೋರುಬೆರಳಿಗೂ ಅದೇ ಮನೆ. ಎಲ್ಲಿಗೆ ಹೋದರೂ ಬೆರಳು ಅಲ್ಲಿಗೆ ಮರಳಬೇಕು. ಎರಡು ವಾರ ವೇಗವನ್ನು ಮರೆತು, ನಿಮಿಷಕ್ಕೆ 20 ಪದದಂತೆ, ಒಂದೂ ತಪ್ಪಿಲ್ಲದೆ, ಎಲ್ಲ ಹೊಡೆತಗಳ ನಡುವೆ ಒಂದೇ ಅಂತರವಿಟ್ಟು ಟೈಪ್ ಮಾಡಿ. ಐದು ಹೊಡೆತಕ್ಕೆ ಒಂದು ಪದ ಎಂಬುದು ನಮ್ಮ ಲೆಕ್ಕ. ಒಂದು ಅಕ್ಷರ ತಪ್ಪಿದರೆ ತಪ್ಪು ಹೊಡೆತ, ಅಳಿಸುವ ಹೊಡೆತ, ಹೀಗೆ ಎರಡು ವ್ಯರ್ಥ. ನಿಮಿಷಕ್ಕೆ ಹತ್ತು ತಪ್ಪಾದರೆ 20 ಹೊಡೆತ, ಅಂದರೆ ನಾಲ್ಕು ಪದ ಸುಮ್ಮನೆ ಸೋರಿಹೋಯಿತು. ನೀವು ಹುಡುಕುತ್ತಿರುವ ವೇಗ ಅಲ್ಲಿಯೇ ಇದೆ.

ಎರಡು ಗಂಟೆ ಒಂದೇ ಸಮನೆ ಕೂರಬೇಡಿ. ಅರ್ಧ ಗಂಟೆಯ ನಂತರ ದಣಿದ ಬೆರಳು ತಪ್ಪನ್ನೇ ಕಲಿಯುತ್ತದೆ. 20 ನಿಮಿಷ ಟೈಪ್, ಐದು ನಿಮಿಷ ವಿರಾಮ, ಹೀಗೆ ದಿನಕ್ಕೆ ಮೂರು ಸಲ ಸಾಕು. ಯಾವ ಪದದಲ್ಲಿ ಎಡವುತ್ತೀರೋ ಅದನ್ನು ಮಾತ್ರ ಒಂದು ಪುಟ ಟೈಪ್ ಮಾಡಿ. ನನ್ನ ಒಬ್ಬ ವಿದ್ಯಾರ್ಥಿನಿಗೆ ‘ಡೆವಲಪ್‌ಮೆಂಟ್’ ಪದದ ‘ಪಿ’ ಬಂದಾಗಲೆಲ್ಲ ತಪ್ಪುತ್ತಿತ್ತು. ನೋಡಿದರೆ ಕಿರುಬೆರಳನ್ನು ಬಳಸುತ್ತಲೇ ಇರಲಿಲ್ಲ, ಉಂಗುರ ಬೆರಳನ್ನು ಅಲ್ಲಿಯ ತನಕ ಚಾಚುತ್ತಿದ್ದಳು. ಅದನ್ನು ತಿದ್ದಿಕೊಂಡ ಮೇಲೆ ಹತ್ತೇ ದಿನದಲ್ಲಿ ವೇಗ ಏರತೊಡಗಿತು. ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡುತ್ತಿದ್ದರೆ ಬೇರೆ ಕೀಲಿಮಣೆಯೊಂದನ್ನು ಕೊಂಡು ಜೋಡಿಸಿಕೊಳ್ಳಿ. ಮಣೆ ಬದಲಾದ ದಿನವೇ ಪರೀಕ್ಷೆಯ ದಿನವಾಗಬಾರದು.

– ಬೆರಳಚ್ಚು ಶಿಕ್ಷಕ, ದಾವಣಗೆರೆ

*

ಒಂದೇ ಬಾಗಿಲು ಕಾಯಬೇಡಿ. ‘ಡಿ’ ದರ್ಜೆಗೆ ಸಾಮಾನ್ಯ ವರ್ಗದವರಿಗೆ ವಯೋಮಿತಿ 27. ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ‘ಸಿ’ ದರ್ಜೆಗೆ ಮಿತಿ 30. ಇದರ ಜೊತೆಗೆ ನಮ್ಮ ಜಿಲ್ಲಾ ನ್ಯಾಯಾಲಯಗಳ ಶೀಘ್ರಲಿಪಿಗಾರ ಹುದ್ದೆಗಳನ್ನೂ ಗಮನದಲ್ಲಿಡಿ. ಅವಕ್ಕೆ ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆಯ ಶೀಘ್ರಲಿಪಿ ಮತ್ತು ಬೆರಳಚ್ಚು ಕೇಳುತ್ತಾರೆ. ಇಂಗ್ಲಿಷಿಗೆ ಸುರಿದ ಶ್ರಮದಿಂದ ಅದರಲ್ಲಿ ಅರ್ಧ ಈಗಾಗಲೇ ನಿಮ್ಮ ಕೈಯಲ್ಲಿದೆ.

ಕನ್ನಡವನ್ನು ‘ನುಡಿ’ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಕಲಿಯಿರಿ. ಇಂಗ್ಲಿಷ್ ಕೀಲಿಗಳೇ ಆದ್ದರಿಂದ ಬೆರಳಿಗೆ ದಾರಿ ಗೊತ್ತಿರುತ್ತದೆ. ‘ಸ್ಪಷ್ಟ’ ಎಂಬ ಪದಕ್ಕೆ ಎಸ್, ಎಫ್, ಪಿ, ಎಕ್ಸ್, ಎಫ್, ಕ್ಯೂ ಎಂದು ಆರು ಹೊಡೆತ. ಒತ್ತಕ್ಷರ ತರುವ ಎಫ್ ಕೀಲಿ ಎಡ ತೋರುಬೆರಳಿನ ಕೆಳಗೇ ಇದೆ ಎಂಬುದು ದೊಡ್ಡ ಅನುಕೂಲ. ತೊಡಕು ಇರುವುದು ಶಿಫ್ಟ್ ಕೀಲಿಯಲ್ಲಿ. ದೀರ್ಘ ಸ್ವರಕ್ಕೂ ಮಹಾಪ್ರಾಣಕ್ಕೂ ಅದು ಬೇಕು. ಅಕ್ಷರ ಎಡಗೈಯದಾದರೆ ಶಿಫ್ಟ್ ಬಲಗೈಯ ಕಿರುಬೆರಳಿನಿಂದ ಒತ್ತಬೇಕು. ಎರಡನ್ನೂ ಒಂದೇ ಕೈಯಲ್ಲಿ ಒತ್ತುವ ಚಾಳಿ ಬಿದ್ದರೆ ಆಮೇಲೆ ಬಿಡಿಸುವುದು ಬಲು ಕಷ್ಟ. ನಾನು ಬಿಡಿಸಿಕೊಳ್ಳಲು ಮೂರು ತಿಂಗಳು ತೆಗೆದುಕೊಂಡೆ.

– ನ್ಯಾಯಾಲಯದ ಶೀಘ್ರಲಿಪಿಗಾರ, ಶಿವಮೊಗ್ಗ

*

ನಾನು ಓದಿದ್ದು ಏಳನೇ ತರಗತಿ. ನನ್ನ ಮಗಳೂ ಇದೇ ಪರೀಕ್ಷೆಗೆ ಕೂತವಳು, ಹಾಗಾಗಿ ಬರೆಯುತ್ತಿದ್ದೇನೆ. ಡಿಕ್ಟೇಷನ್ ಕೊಡುವವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಇಂಗ್ಲಿಷ್ ಓದಲು ನನಗೆ ಬಾರದು. ಅದಕ್ಕೆ ಅವಳು ಪತ್ರಿಕೆಯ ಲೇಖನದಲ್ಲಿ ಇಪ್ಪತ್ತು ಇಪ್ಪತ್ತು ಪದಕ್ಕೆ ಒಂದು ಅಡ್ಡಗೆರೆ ಹಾಕಿಕೊಳ್ಳುತ್ತಿದ್ದಳು. ನಾನು ಗೋಡೆ ಗಡಿಯಾರ ನೋಡುತ್ತ ಹದಿನೈದು ಸೆಕೆಂಡಿಗೊಮ್ಮೆ ಸ್ಟೀಲ್ ತಟ್ಟೆಗೆ ಚಮಚದಿಂದ ತಟ್ಟುತ್ತಿದ್ದೆ. ಆ ಸದ್ದಿಗೆ ಸರಿಯಾಗಿ ಅವಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಮುಟ್ಟಬೇಕು. ಅಲ್ಲಿಗೆ ನಿಮಿಷಕ್ಕೆ 80 ಪದವಾಯಿತು. ಹಾಗೆ ಓದಿದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು, ವಾರ ಬಿಟ್ಟು ಕೇಳುತ್ತ ಬರೆಯುತ್ತಿದ್ದಳು. ನೂರು ಪದ ಬೇಕಾದಾಗ ಗೆರೆಯನ್ನು ಇಪ್ಪತ್ತೈದಕ್ಕೆ ಹಾಕಿದಳು, ನನ್ನ ತಟ್ಟೆ ಹಾಗೆಯೇ ಇತ್ತು.

ಮದುವೆಯ ಮಾತು ನಮ್ಮ ಮನೆಯಲ್ಲೂ ಬಂದಿತ್ತು, ತೆಗೆದವಳು ನಾನೇ. ಆದರೆ ದಿನಾ ರಾತ್ರಿ ಅವಳ ಎದುರು ಕೂತು ತಟ್ಟೆ ತಟ್ಟಿದ ಮೇಲೆ ಆ ಮಾತು ಎತ್ತಲು ನನಗೇ ಮನಸ್ಸು ಬರಲಿಲ್ಲ. ನಿಮ್ಮ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಮ್ಮ.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆ ಧ್ವನಿಗಳು ನನ್ನ ಮೊಬೈಲಿನಲ್ಲಿ ಹಾಗೆಯೇ ಇವೆ, ನಡುನಡುವೆ ತಟ್ಟೆಯ ಸದ್ದೂ ಕೇಳಿಸುತ್ತದೆ. ಬೇಕೆಂದರೆ ಪತ್ರಿಕೆಯವರ ಮೂಲಕ ತಿಳಿಸಿ, ಎಲ್ಲವನ್ನೂ ಕಳುಹಿಸಿಕೊಡುತ್ತೇನೆ.

– ಒಬ್ಬ ತಾಯಿ, ಗದಗ ಜಿಲ್ಲೆ