ದರ ಇಳಿದರೂ ಚಿಕ್ಕ ಅಂಗಡಿಯವರ ಆತಂಕ ಇಳಿಯಲಿಲ್ಲವೇಕೆ?

ಪ್ರಶ್ನೆ: ತುಂಗಾತೀರ

ನಮ್ಮ ಚಿಕ್ಕಪ್ಪನವರು ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ತರಕಾರಿ ಅಂಗಡಿ ನಡೆಸುತ್ತಿದ್ದಾರೆ. ಈಚೆಗೆ ಒಂದು ಮೂಲೆಯಲ್ಲಿ ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್‌ಗಳನ್ನೂ ಇಟ್ಟುಕೊಂಡಿದ್ದಾರೆ. 2025ರ ಜುಲೈ ತಿಂಗಳಲ್ಲಿ ಯುಪಿಐ ಲೆಕ್ಕವನ್ನು ಆಧರಿಸಿ ರಾಜ್ಯದ ಸಾವಿರಾರು ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಜಿಎಸ್‌ಟಿ ನೋಟಿಸ್ ಹೋದ ಸುದ್ದಿ ಕೇಳಿದ ದಿನವೇ ಅವರು ಗಲ್ಲಾಪೆಟ್ಟಿಗೆಯ ಮೇಲಿದ್ದ ಕ್ಯುಆರ್ ಕೋಡ್ ಹಾಳೆಯನ್ನು ಕಿತ್ತುಹಾಕಿದರು. ಅವರಿಗೆ ನೋಟಿಸ್ ಬಂದಿರಲಿಲ್ಲ, ಇಂದಿಗೂ ಬಂದಿಲ್ಲ. ಆದರೂ ಆ ಹಾಳೆ ಮತ್ತೆ ಗೋಡೆ ಹತ್ತಿಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಮುಖ್ಯವಾಗಿ ಶೇ 5 ಮತ್ತು ಶೇ 18ಕ್ಕೆ ಇಳಿದು, ಸೋಪು, ಬಿಸ್ಕತ್ತುಗಳು ಶೇ 18ರಿಂದ ಶೇ 5ಕ್ಕೆ ಬಂದವು ಎಂದು ನಾನು ಅವರಿಗೆ ಹೇಳಿದೆ. ‘ದರದ ಮಾತು ಯಾರು ಕೇಳಿದರಪ್ಪ, ನಾನು ಲೆಕ್ಕದಲ್ಲಿ ಇದ್ದೇನೋ ಇಲ್ಲವೋ ಅದನ್ನು ಹೇಳು’ ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂಗಡಿಯ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಲು ಮೂರು ವರ್ಷ ಅಲೆದಾಡಿದ ಮನುಷ್ಯನಿಗೆ, ತನ್ನ ಫೋನಿಗೆ ಬಂದ ಒಂದೊಂದು ರೂಪಾಯಿಯೂ ಸರ್ಕಾರಕ್ಕೆ ಕಾಣುತ್ತದೆ ಎಂಬ ಸಂಗತಿ ಹೇಗೆ ಕೇಳಿಸಬಹುದು ಎಂದು ನೀವೇ ಊಹಿಸಿ. ವರ್ಷದ ವ್ಯಾಪಾರದಲ್ಲಿ ತರಕಾರಿಯದು ಸುಮಾರು 38 ಲಕ್ಷ, ಉಳಿದದ್ದು ಸುಮಾರು 3 ಲಕ್ಷ. ಅವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಲೆಕ್ಕದಪುಸ್ತಕ

ನಾನು ತೆರಿಗೆ ಸಲಹೆಗಾರನಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಚಿಕ್ಕಪ್ಪನವರ ಅಂಗಡಿ ಕಾನೂನಿನ ಅತ್ಯಂತ ಇಕ್ಕಟ್ಟಾದ ಮೂಲೆಯಲ್ಲಿ ನಿಂತಿದೆ.

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಈ ಮಿತಿಯನ್ನು ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವೂ ಸೇರುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಬರೀ ತರಕಾರಿ ಮಾರುವವರ ವಹಿವಾಟು ಒಂದು ಕೋಟಿ ಮುಟ್ಟಿದರೂ ಅವರು ನೋಂದಣಿ ಮಾಡಿಸಬೇಕಿಲ್ಲ. ಏಕೆಂದರೆ ಪೂರ್ತಿಯಾಗಿ ವಿನಾಯಿತಿಯ ಸರಕನ್ನೇ ಮಾರುವವರನ್ನು ಕಾನೂನು ಹೊರಗಿಟ್ಟಿದೆ. ಆದರೆ ಅದೇ ಅಂಗಡಿಗೆ ಒಂದು ಪೆಟ್ಟಿಗೆ ಸೋಪು ಬಂದ ಕೂಡಲೇ ಆ ರಕ್ಷಣೆ ಹೋಗಿ, ಎಲ್ಲವನ್ನೂ ಕೂಡಿ 41 ಲಕ್ಷವೆಂದು ಎಣಿಸಲಾಗುತ್ತದೆ. ಆದ್ದರಿಂದ ಅವರು ನೋಂದಣಿ ಮಾಡಿಸಬೇಕು.

ತೆರಿಗೆ ಮಾತ್ರ 3 ಲಕ್ಷದ ಮೇಲೆಯೇ ಹೊರತು 41 ಲಕ್ಷದ ಮೇಲಲ್ಲ. ಹಳೆಯ ಶೇ 18ರ ದರದಲ್ಲಿ ಸರಳವಾಗಿ ಲೆಕ್ಕ ಹಾಕಿದರೆ ಅದು 54,000 ರೂಪಾಯಿ. ಯುಪಿಐಯಲ್ಲಿ ಬಂದ ಹಣವೆಲ್ಲವೂ ತೆರಿಗೆ ಬೀಳುವ ಮಾರಾಟವೆಂದು ಹಿಡಿದರೆ ಅದೇ ಮೊತ್ತ 7,38,000 ರೂಪಾಯಿ ಆಗುತ್ತದೆ. ನೋಟಿಸ್‌ಗಳಲ್ಲಿನ ಅಂಕಿಗಳನ್ನು ಕಂಡು ಜನ ಬೆಚ್ಚಿದ್ದು ಈ ಕಾರಣಕ್ಕೆ. 2021-22ರಿಂದ 2024-25ರವರೆಗಿನ ನಾಲ್ಕು ವರ್ಷಗಳನ್ನು ಒಟ್ಟಿಗೆ ಹಿಡಿದಾಗ ಮೊತ್ತ ಇನ್ನಷ್ಟು ಬೆಳೆಯಿತು. ಚೀಟಿ ಹಣ, ಕೈಸಾಲ, ಮಗ ಊರಿನಿಂದ ಕಳುಹಿಸಿದ ದುಡ್ಡು ಎಲ್ಲವೂ ಅದೇ ಖಾತೆಗೆ ಬಂದಿರುತ್ತವೆ. ಅವು ಮಾರಾಟವಲ್ಲ ಎಂದು ತೋರಿಸುವ ಹೊಣೆ ಅಂಗಡಿಯವರ ಮೇಲೆ ಬೀಳುತ್ತದೆ.

ಮುಂದಿನ ದಾರಿ ಅಷ್ಟು ಕಷ್ಟದ್ದಲ್ಲ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಗೆ ಸೇರಬಹುದು. ಅದರಲ್ಲಿ ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1ರಷ್ಟು, ಅಂದರೆ ನಿಮ್ಮ ಚಿಕ್ಕಪ್ಪನವರಿಗೆ ವರ್ಷಕ್ಕೆ ಸುಮಾರು 3,000 ರೂಪಾಯಿ ಆಗುತ್ತದೆ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ.

ಉತ್ತರ 2: ಬೇಕರಿಯಮ್ಮ

ಲೆಕ್ಕದಪುಸ್ತಕ ಅವರು ಬರೆದಿರುವುದೆಲ್ಲ ಸರಿ. ಆದರೆ ಒಂದು ನೋವಿನ ಸಂಗತಿ ಉಳಿದುಹೋಯಿತು. ಆ 3,000 ರೂಪಾಯಿಯ ದಾರಿ ಮುಂದಿನ ದಿನಗಳಿಗೆ ಮಾತ್ರ. ಹಿಂದಿನ ವರ್ಷಗಳಿಗೆ ರಾಜಿ ಪದ್ಧತಿಯನ್ನು ಕೇಳಿ ಪಡೆಯಲಾಗುವುದಿಲ್ಲ. ನೋಂದಣಿ ಇಲ್ಲದೆ ಕಳೆದ ವರ್ಷಗಳಿಗೆ ಪೂರ್ಣ ದರವೇ ಅನ್ವಯಿಸುತ್ತದೆ. ಆ ಬಿಸ್ಕತ್ತನ್ನು ಸಗಟು ಅಂಗಡಿಯಿಂದ ತರುವಾಗಲೇ ತೆರಿಗೆ ಕೊಟ್ಟಿದ್ದರೂ ಅದನ್ನು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳಲು ಅವಕಾಶವಿಲ್ಲ. ಒಂದೇ ಪೊಟ್ಟಣಕ್ಕೆ ಎರಡು ಸಲ ತೆರಿಗೆ ಕಟ್ಟಿದಂತಾಯಿತಲ್ಲವೇ?

ನಾನು ಎರಡು ವರ್ಷಗಳ ಹಿಂದೆ ರಾಜಿ ಪದ್ಧತಿಗೆ ಸೇರಿದೆ. ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೆ ಇಂಗ್ಲಿಷ್ ನಮೂನೆಗಳನ್ನು ನಾನೇ ತುಂಬಲಾರೆ. ಮೂರು ತಿಂಗಳಿಗೊಮ್ಮೆ ವಿವರಣೆ ಸಲ್ಲಿಸಿ ಹಣ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್ಸ್ ಬೇರೆ. ಇದನ್ನೆಲ್ಲ ಮಾಡಿಕೊಡುವವರಿಗೆ ನಾನು ಕೊಡುವ ಹಣ ಕೆಲವು ತಿಂಗಳು ನನ್ನ ತೆರಿಗೆಗಿಂತ ಹೆಚ್ಚಾಗಿರುತ್ತದೆ. ದರ ಇಳಿಸಿದಾಗ ಅದನ್ನು ದೀಪಾವಳಿ ಕೊಡುಗೆ ಎಂದರು. ನಮ್ಮ ಶೇ 1 ಅದರಲ್ಲಿ ಇಳಿಯಲಿಲ್ಲ, ಕಾಗದಪತ್ರವೂ ಕಡಿಮೆಯಾಗಲಿಲ್ಲ. ಗಿರಾಕಿಗಳಿಗೆ ಒಳ್ಳೆಯದಾಯಿತು, ಅದನ್ನು ಒಪ್ಪುತ್ತೇನೆ.

ಉತ್ತರ 3: ನಿವೃತ್ತ

ಸರ್ಕಾರಿ ಸೇವೆಯಲ್ಲಿದ್ದವನಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕೆನಿಸುತ್ತದೆ. ನಲವತ್ತು ಲಕ್ಷದ ಮಿತಿ ಇಂದು ನೆನ್ನೆಯದಲ್ಲ, 2019ರ ಏಪ್ರಿಲ್‌ನಿಂದಲೇ ಇದೆ. ಪಕ್ಕದ ಅಂಗಡಿಯವರು ನೋಂದಣಿ ಮಾಡಿಸಿ ಪ್ರಾಮಾಣಿಕವಾಗಿ ತೆರಿಗೆ ಕಟ್ಟುತ್ತಿರುವಾಗ ಇವರನ್ನು ಸುಮ್ಮನೆ ಬಿಟ್ಟರೆ ಅದು ಆ ಪ್ರಾಮಾಣಿಕರಿಗೆ ಮಾಡುವ ಅನ್ಯಾಯ. ಇಲಾಖೆ ಕಣ್ಣು ಮುಚ್ಚಿಕೊಳ್ಳಬೇಕಿತ್ತೆಂದು ನಾನು ಹೇಳಲಾರೆ.

ಆದರೆ ಕ್ರಮ ತಲೆಕೆಳಗಾಯಿತು ಎಂಬುದನ್ನು ಒಪ್ಪುತ್ತೇನೆ. ‘ಜಿಎಸ್‌ಟಿ ತಿಳಿಯಿರಿ’ ಎಂಬ ಅಭಿಯಾನ ನೋಟಿಸ್‌ಗಳ ಗಲಾಟೆಯ ಮೊದಲೇ ಸಂತೆಯಿಂದ ಸಂತೆಗೆ ಹೋಗಬೇಕಿತ್ತು. ವ್ಯಾಪಾರಿಗಳು ಹಾಲು ಮಾರುವುದನ್ನು ನಿಲ್ಲಿಸಿ ಕಪ್ಪು ಚಹಾ ಕುಡಿಸಿ ಪ್ರತಿಭಟಿಸಿದರು, ಜುಲೈ 25ಕ್ಕೆ ಬಂದ್ ಕರೆದರು; 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಎಂದ ಮೇಲೆ ಬಂದ್ ಕೈಬಿಟ್ಟರು. ಸಭೆಯಲ್ಲಿ ಬಗೆಹರಿಯಬಲ್ಲ ಸಂಗತಿಯನ್ನು ಬೀದಿಗೆ ಬರುವವರೆಗೆ ಬಿಟ್ಟದ್ದೇಕೆ? ಇದು ಕೇಂದ್ರದ ಜಿಎಸ್‌ಟಿ ಎಂದು ರಾಜ್ಯದವರೂ, ನೋಟಿಸ್ ಕೊಟ್ಟದ್ದು ರಾಜ್ಯ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರೂ ಪರಸ್ಪರ ಬೆರಳು ತೋರಿಸಿದರು. ಜಿಎಸ್‌ಟಿ ಮಂಡಳಿಯಲ್ಲಿ ಇಬ್ಬರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಕ್ಯುಆರ್ ಹಾಳೆ ಕಿತ್ತರೆ ತೆರಿಗೆಯ ಹೊಣೆ ತಪ್ಪುವುದಿಲ್ಲ ಎಂಬುದನ್ನು ಚಿಕ್ಕಪ್ಪನವರಿಗೆ ದಯವಿಟ್ಟು ತಿಳಿಸಿ. ನಗದಿನಲ್ಲಿ ಮಾರಿದ್ದೂ ಮಾರಾಟವೇ.

ತುಂಗಾತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದಗಳು. ಎಲ್ಲವನ್ನೂ ಚಿಕ್ಕಪ್ಪನವರಿಗೆ ಓದಿ ಹೇಳಿದೆ. 3,000 ರೂಪಾಯಿಯ ಮಾತಿಗೆ ಅವರು ತಕರಾರು ತೆಗೆಯಲಿಲ್ಲ. ಬರೀ ತರಕಾರಿ ಮಾರಿದರೆ ನೋಂದಣಿಯೇ ಬೇಡವೆಂಬುದನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಸೋಪು, ಬಿಸ್ಕತ್ತಿನ ಆ ಮೂಲೆಯನ್ನು ಖಾಲಿ ಮಾಡಿಬಿಡುತ್ತೇನೆ ಎನ್ನುತ್ತಿದ್ದಾರೆ. ತೆರಿಗೆ ಕಟ್ಟಬೇಕಾಗುವುದೆಂದು ಅಲ್ಲ. ಮೂರು ತಿಂಗಳಿಗೊಮ್ಮೆ ಯಾರದ್ದೋ ಕಚೇರಿಯ ಮೆಟ್ಟಿಲು ಹತ್ತಿ, ತಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದು ಅವರಿಗೆ ಬೇಡವಾಗಿದೆ. ಲೆಕ್ಕದಪುಸ್ತಕ ಅವರನ್ನು ಒಂದು ಮಾತು ಕೇಳುತ್ತೇನೆ: ಹಾಗೆ ಮಾಡಿದರೆ ಉಳಿದಿರುವ ಹಳೆಯ ಸೋಪಿನ ದಾಸ್ತಾನನ್ನು ಅವರು ಹೇಗೆ ವಿಲೇವಾರಿ ಮಾಡಬೇಕು?

ಲೆಕ್ಕದಪುಸ್ತಕ

ಸಗಟು ವ್ಯಾಪಾರಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಲಿ. ಇಲ್ಲವಾದರೆ ಮನೆಯ ಬಳಕೆಗೆ ಇಟ್ಟುಕೊಳ್ಳಲಿ. ಈ ಆರ್ಥಿಕ ವರ್ಷದ ಮಾರಾಟ ಇಂದಿಗೆ ಎಷ್ಟಾಗಿದೆ ಎಂಬುದನ್ನು ಇವತ್ತೇ ಕೂಡಿ ನೋಡಿ. ಸೋಪು ಅಂಗಡಿಯಲ್ಲಿದ್ದಾಗಲೇ ಅದು 40 ಲಕ್ಷ ದಾಟಿದ್ದರೆ, ಮೂಲೆಯನ್ನು ಖಾಲಿ ಮಾಡಿದರೂ ಈ ವರ್ಷದ ಮಟ್ಟಿಗೆ ನೋಂದಣಿ ತಪ್ಪುವುದಿಲ್ಲ.