ಟೆಕ್ಕೆನ್ 3: ಎಡ್ಡಿ ಗೋರ್ಡೊನನ್ನು ಪಂದ್ಯಾವಳಿಯಿಂದ ಹೊರಗಿಡಬೇಕೇ?

ಹಳೆಯ ಕನ್ಸೋಲ್ ಬರೆದದ್ದು:

ನಮ್ಮ ಗೆಳೆಯರ ಬಳಗದವರು ಸೇರಿ ಮುಂದಿನ ತಿಂಗಳು ಇಬ್ಬರು ಎದುರುಬದುರಾಗಿ ಕಾದಾಡುವ ವಿಡಿಯೋ ಗೇಮ್ ಟೆಕ್ಕೆನ್ 3ರ ಒಂದು ಸಣ್ಣ ಪಂದ್ಯಾವಳಿಯನ್ನು ನಡೆಸಬೇಕೆಂದಿದ್ದೇವೆ. 1998ರ ಪ್ಲೇಸ್ಟೇಷನ್ ಆವೃತ್ತಿಯಲ್ಲೇ ಆಡುವುದೆಂದು ತೀರ್ಮಾನವಾಗಿದೆ. ಆದರೆ ನಿಯಮಗಳನ್ನು ಬರೆಯಲು ಕುಳಿತಾಗ ಆಟದ ಪಾತ್ರಗಳಲ್ಲಿ ಒಬ್ಬನಾದ, ಒದೆತಗಳಿಂದಲೇ ಕಾದಾಡುವ ಎಡ್ಡಿ ಗೋರ್ಡೊನ ವಿಷಯದಲ್ಲಿ ಬಳಗವೇ ಎರಡು ಪಾಲಾಯಿತು.

ಅವನನ್ನು ನಿಷೇಧಿಸಬೇಕೆನ್ನುವವರು ಹೇಳುವುದೇನೆಂದರೆ, ಕ್ರಾಸ್ ಮತ್ತು ಸರ್ಕಲ್ ಬಟನ್‌ಗಳನ್ನು ಮನಸ್ಸಿಗೆ ಬಂದಂತೆ ಒತ್ತುತ್ತಿದ್ದರೂ ಎಡ್ಡಿಯ ಕಾಲುಗಳು ನಿಲ್ಲದೆ ತಿರುಗುತ್ತವೆ, ಮೇಲಿನಿಂದ ಬರುವ ಒದೆತ ಯಾವುದು, ನೆಲ ಸವರುವ ಒದೆತ ಯಾವುದು ಎಂಬುದು ತಿಳಿಯುವಷ್ಟರಲ್ಲಿ ಸುತ್ತು ಮುಗಿದಿರುತ್ತದೆ, ಹಾಗಾಗಿ ಜಿನ್ ಅಥವಾ ನೀನಾಳಂತಹ ಬೇರೆ ಪಾತ್ರಗಳ ಪಟ್ಟುಗಳನ್ನು ವರ್ಷಗಟ್ಟಲೆ ಕಲಿತವರು ಮೊದಲ ಬಾರಿ ಕಂಟ್ರೋಲರ್ ಹಿಡಿದವರ ಎದುರು ಸೋಲಬೇಕಾಗುತ್ತದೆ. ಬೇಡವೆನ್ನುವವರು, ಅವನನ್ನು ತಡೆಯುವುದು ಸುಲಭ, ನಿಮಗೆ ಗೊತ್ತಿಲ್ಲ ಅಷ್ಟೆ, ಎಂದು ಹೇಳಿ ಸುಮ್ಮನಾಗುತ್ತಾರೆ. ಹೇಗೆ ತಡೆಯಬೇಕೆಂದು ಬಿಡಿಸಿ ಹೇಳುವವರು ಮಾತ್ರ ಯಾರೂ ಇಲ್ಲ. ಆಟವನ್ನು ಆಳವಾಗಿ ಬಲ್ಲವರು ಈ ಪಾತ್ರಕ್ಕೆ ನಿಜವಾಗಿಯೂ ಮಿತಿಮೀರಿದ ಶಕ್ತಿ ಇದೆಯೇ ಎಂಬುದನ್ನು ಕಾರಣಸಹಿತ ತಿಳಿಸಬೇಕಾಗಿ ವಿನಂತಿ.

ತಾಳ್ಮೆಯ ಗಾರ್ಡ್:

ಮಿತಿಮೀರಿದ ಶಕ್ತಿ ಇಲ್ಲ. ಆದರೆ ಹಾಗೆ ಅನ್ನಿಸುವುದಕ್ಕೆ ಆಟದ ರಚನೆಯಲ್ಲೇ ಕಾರಣವಿದೆ.

ಟೆಕ್ಕೆನ್‌ನಲ್ಲಿ ಏಟುಗಳು ಮೂರು ಎತ್ತರದಲ್ಲಿ ಬರುತ್ತವೆ. ಹೈ ಏಟು ಕುಳಿತವನ ತಲೆಯ ಮೇಲೆ ಹಾದುಹೋಗುತ್ತದೆ, ಮಿಡ್ ಏಟು ಕುಳಿತವನಿಗೂ ತಾಗುತ್ತದೆ, ಲೋ ಏಟನ್ನು ಕುಳಿತೇ ತಡೆಯಬೇಕು. ಹೊಸಬರಿಗೆ ಮೊದಲು ಕೈಗೆ ಹತ್ತುವುದು ಎಡಗೈಯ ಚುರುಕಾದ ಜ್ಯಾಬ್. ಅದು ಹೈ ಏಟು. ಎಡ್ಡಿ ಬಹಳಷ್ಟು ಹೊತ್ತು ಬಗ್ಗಿರುತ್ತಾನೆ, ತಲೆಕೆಳಗಾಗಿ ಕೈಗಳ ಮೇಲೆ ನಿಂತಿರುತ್ತಾನೆ ಅಥವಾ ನೆಲದ ಮೇಲೆ ಆರಾಮವಾಗಿ ಒರಗಿರುತ್ತಾನೆ. ಒರಗಿರುವವನಿಗೆ ನಿಮ್ಮ ಜ್ಯಾಬ್ ತಾಗುವುದಿಲ್ಲ, ಅವನನ್ನು ಎತ್ತಿ ಬಿಸಾಡುವ ಪಟ್ಟೂ ನಡೆಯುವುದಿಲ್ಲ. ತನಗೆ ಗೊತ್ತಿರುವ ಎರಡೂ ಅಸ್ತ್ರಗಳು ಗಾಳಿಯಲ್ಲಿ ಹೋದಾಗ ಇವನಿಗೆ ಏಟೇ ತಾಗದು ಎಂದು ಆಟಗಾರನಿಗೆ ಅನ್ನಿಸುವುದು ಸಹಜ.

ಕೈಗಳ ಮೇಲೆ ನಿಂತಾಗ ಮತ್ತು ಒರಗಿದಾಗ, ಈ ಎರಡೂ ಭಂಗಿಗಳಲ್ಲಿ ಎಡ್ಡಿ ಬ್ಲಾಕ್ ಮಾಡಲಾರ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಕೈಗಳ ಮೇಲೆ ನಿಂತಿದ್ದಾಗ ವೇಗವಾದ ಒಂದು ಮಿಡ್ ಏಟು ಸಾಕು. ಒರಗಿದ್ದಾಗ ಕೆಳಗಿನ ದಿಕ್ಕಿನ ಜೊತೆ ಕಿಕ್ ಒತ್ತಿದರೆ ಬರುವ ಸರಳವಾದ ಲೋ ಕಿಕ್ ನೆಲದಲ್ಲಿರುವವನಿಗೂ ತಾಗುತ್ತದೆ. ಅದರಿಂದಾಗುವ ಹಾನಿ ಅಲ್ಪವೇ ಇರಬಹುದು, ಆದರೆ ಅವನ ಲಯ ಮುರಿಯುತ್ತದೆ. ಕುರುಡಾಗಿ ಒತ್ತುತ್ತಿರುವವನಿಗೆ ಲಯ ಬಿಟ್ಟರೆ ಬೇರೆ ಬಂಡವಾಳವಿರುವುದಿಲ್ಲ.

ಇನ್ನು ನಿಂತಿರುವ ಎಡ್ಡಿಯ ಒದೆತಗಳ ಸರಣಿ. ಇಲ್ಲಿ ಎಲ್ಲರೂ ಮಾಡುವುದು ಒಂದೇ: ನಡುವೆ ತಾವೂ ಬಟನ್ ಒತ್ತುವುದು. ಹಾಗೆ ಮಾಡಬೇಡಿ. ಟೆಕ್ಕೆನ್ 3ರಲ್ಲಿ ಸುಮ್ಮನೆ ನಿಂತರೆ ಹೈ ಮತ್ತು ಮಿಡ್ ಏಟುಗಳು ತಾವಾಗಿಯೇ ಬ್ಲಾಕ್ ಆಗುತ್ತವೆ, ಬ್ಲಾಕ್ ಮಾಡಿದ್ದಕ್ಕಾಗಿ ಉಳಿದ ಪ್ರಾಣವನ್ನು ತೋರಿಸುವ ಹೆಲ್ತ್ ಬಾರ್ ಕಡಿಮೆಯಾಗುವುದೂ ಇಲ್ಲ. ಆದ್ದರಿಂದ ನಿಂತು ತಡೆಯುವುದನ್ನೇ ಮೂಲ ಸ್ಥಿತಿಯಾಗಿಟ್ಟುಕೊಂಡು, ಕಾಲಿಗೆ ಬೀಳುವ ಒಂದೆರಡು ಏಟನ್ನು ತಿಂದಾದರೂ ಸರಣಿ ಎಲ್ಲಿ ಲೋಗೆ ಇಳಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ನೆಲ ಸವರುವ ದೊಡ್ಡ ಒದೆತವನ್ನು ಕುಳಿತು ತಡೆದರೆ ಎಡ್ಡಿ ಚೇತರಿಸಿಕೊಳ್ಳುವ ಮೊದಲೇ ಕುಳಿತಲ್ಲಿಂದ ಏಳುತ್ತಾ ಹೊಡೆಯುವ ಏಟು ಅವನಿಗೆ ತಾಗುತ್ತದೆ, ಅದು ಅವನನ್ನು ಮೇಲಕ್ಕೆತ್ತುವ ಏಟಾಗಿದ್ದರೆ ಗಾಳಿಯಲ್ಲೇ ಒಂದರ ಹಿಂದೊಂದು ತಾಗುವ ಏಟುಗಳ ಇಡೀ ಕಾಂಬೊ ಮುಗಿಸಬಹುದು. ತಡೆಯಲು ಧೈರ್ಯವಿಲ್ಲದಿದ್ದರೆ ಹಿಂದಕ್ಕೆ ಸರಿದು ನಿಲ್ಲಿ. ಗಲ್ಲಿ ಕ್ರಿಕೆಟ್‌ನಲ್ಲಿ ಪ್ರತಿ ಚೆಂಡಿಗೂ ಕಣ್ಣುಮುಚ್ಚಿ ಬ್ಯಾಟು ಬೀಸುವವನಿಗೆ ನಿಧಾನದ ಚೆಂಡು ಹಾಕಿದರೆ ಏನಾಗುತ್ತದೋ ಇವನಿಗೂ ಅದೇ ಆಗುತ್ತದೆ.

ಬಲಗಾಲು:

ತಾಳ್ಮೆಯ ಗಾರ್ಡ್ ಅವರು ಬರೆದ ತಂತ್ರಗಳಲ್ಲಿ ತಪ್ಪಿಲ್ಲ. ಆದರೆ ಅವರ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಎಡ್ಡಿಯನ್ನು ಆಡುವವನು ಏನನ್ನೂ ಕಲಿಯಬೇಕಾಗಿಲ್ಲ. ಅವನ ಎದುರು ಆಡುವವನು ಏಟಿನ ಎತ್ತರಗಳನ್ನು, ಸರಣಿಗಳ ಕೊನೆಗಳನ್ನು, ಎರಡು ವಿಚಿತ್ರ ಭಂಗಿಗಳನ್ನು, ಎದ್ದು ಹೊಡೆಯುವ ಏಟನ್ನು ಕಲಿಯಬೇಕು. ಪ್ರಶ್ನೆ ಕೇಳುವುದಕ್ಕೆ ಖರ್ಚಿಲ್ಲ, ಉತ್ತರಕ್ಕೆ ಮಾತ್ರ ಇಷ್ಟು ಖರ್ಚು ಎಂದಾದರೆ, ಶಕ್ತಿ ಮಿತಿಮೀರಿದೆಯೋ ಇಲ್ಲವೋ, ಪಾತ್ರದ ವಿನ್ಯಾಸದಲ್ಲಿ ಒಂದು ಅಸಮತೋಲನವಂತೂ ಇದೆ. ಮರದ ಬೆಂಚುಗಳಿದ್ದ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುತ್ತಿದ್ದ ಹುಡುಗರಿಗೆ ಪ್ರ್ಯಾಕ್ಟೀಸ್ ಮೋಡ್ ತೆರೆದು ಕೂರುವಷ್ಟು ಸಮಯ ಎಲ್ಲಿತ್ತು? ಎಡ್ಡಿಯ ಕೆಟ್ಟ ಹೆಸರು ಹುಟ್ಟಿದ್ದು ಅಂತಹ ಕಡೆಗಳಲ್ಲೇ, ಅಲ್ಲಿ ಅದು ಸುಳ್ಳೂ ಆಗಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಎಡ್ಡಿ ಟೆಕ್ಕೆನ್ 8ಕ್ಕೆ ಬಂದಾಗಲೂ ಹಳೆಯ ಗೊಣಗಾಟ ಕೇಳಿಬಂತು. ಆದರೆ ಆ ಆಟದಲ್ಲಿ ಸೋತ ಪಂದ್ಯದ ರೀಪ್ಲೇಯನ್ನು ನಡುವೆಯೇ ನಿಲ್ಲಿಸಿ, ಕಂಟ್ರೋಲರ್ ಕೈಗೆತ್ತಿಕೊಂಡು, ಅದೇ ಒದೆತವನ್ನು ಬೇರೆ ರೀತಿಯಲ್ಲಿ ಎದುರಿಸಿ ನೋಡಬಹುದು. ಟೆಕ್ಕೆನ್ 3ರಲ್ಲಿ ಅಂತಹ ಸೌಲಭ್ಯವಿಲ್ಲ. ಆದ್ದರಿಂದ ನಿಮ್ಮ ಬಳಗದಲ್ಲಿ ಆಡುವವರ ಮಟ್ಟ ಯಾವುದು ಎಂಬುದನ್ನು ನೋಡದೆ ಸುಲಭ ಎಂದುಬಿಡುವುದು ಸರಿಯಲ್ಲ.

ಹದಿನಾರು ಫ್ರೇಮ್:

ಬಲಗಾಲು ಅವರು ಹೇಳುತ್ತಿರುವುದು ಕಲಿಯದವರ ಕಷ್ಟವನ್ನು. ಅದು ನಿಜವಾದ ಕಷ್ಟವೇ, ಆದರೆ ನಿಷೇಧಕ್ಕೆ ಅದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹ್ವಾರಾಂಗ್ ಎಂಬ ಪಾತ್ರವನ್ನೂ ಹೊರಗಿಡಬೇಕಾಗುತ್ತದೆ, ಅವನೂ ಒದೆತಗಳ ಮಳೆಗರೆಯುವವನೇ. ಉತ್ತರ ಗೊತ್ತಿರುವ ಇಬ್ಬರು ಎದುರಾದಾಗ ಏನಾಗುತ್ತದೆ ಎಂಬುದನ್ನೇ ನೋಡಬೇಕು.

ನಿಜವಾಗಿಯೂ ಮಿತಿಮೀರಿದ ಪಾತ್ರ ಹೇಗಿರುತ್ತದೆ ಎಂಬುದಕ್ಕೆ 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ಅಡಗಿದ್ದ ಅಕುಮಾ ಎಂಬ ಪಾತ್ರವನ್ನು ನೋಡಿ. ಅವನು ಗಾಳಿಯಲ್ಲಿ ಜಿಗಿದು ಓರೆಯಾಗಿ ಕೆಳಕ್ಕೆ ಬೆಂಕಿಯುಂಡೆಯನ್ನು ಎಸೆಯುತ್ತಾನೆ. ನೀವು ಅದನ್ನು ಬ್ಲಾಕ್ ಮಾಡಿ ಬಿಡಿಸಿಕೊಳ್ಳುವಷ್ಟರಲ್ಲಿ ಅವನು ಮತ್ತೆ ಸಿದ್ಧನಾಗಿರುತ್ತಾನೆ, ಮೇಲಾಗಿ ಆ ಆಟದಲ್ಲಿ ಬ್ಲಾಕ್ ಮಾಡಿದ ಬೆಂಕಿಯುಂಡೆಯೂ ಚೂರುಚೂರೇ ಪ್ರಾಣ ತಿನ್ನುತ್ತದೆ. ಏನು ಬರುತ್ತಿದೆ ಎಂಬುದು ಎದುರಾಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿದ್ದೂ ಪ್ರಯೋಜನವಿರುವುದಿಲ್ಲ. ಅಮೆರಿಕದ ಪಂದ್ಯಾವಳಿಗಳಲ್ಲಿ ಅವನನ್ನು ನಿಯಮ ಮಾಡಿಯೇ ನಿಷೇಧಿಸಿದರು. ಜಪಾನಿನಲ್ಲಿ ಲಿಖಿತ ನಿಷೇಧವಿಲ್ಲದಿದ್ದರೂ ಆಟಗಾರರೇ ಒಳಒಪ್ಪಂದದಂತೆ ಅವನನ್ನು ದೂರವಿಟ್ಟರು.

ಟೆಕ್ಕೆನ್‌ನಲ್ಲೇ ಬೇಕೆಂದರೆ ಲೀರಾಯ್ ಸ್ಮಿತ್ ಎಂಬ ಪಾತ್ರ ಇದ್ದಾನೆ. ಟೆಕ್ಕೆನ್ 7ಕ್ಕೆ ಅವನು ಬಂದದ್ದು 2019ರ ಡಿಸೆಂಬರ್‌ನಲ್ಲಿ. ಮರುತಿಂಗಳು, 2020ರ ಜನವರಿಯಲ್ಲಿ ನಡೆದ ಇವೊ ಜಪಾನ್ ಎಂಬ ದೊಡ್ಡ ಪಂದ್ಯಾವಳಿಯ ಕೊನೆಯ ಎಂಟು ಆಟಗಾರರಲ್ಲಿ ಆರು ಮಂದಿಯ ಕೈಯಲ್ಲಿ ಅವನೇ ಇದ್ದ. ಅವರು ಬಟನ್ ಕುಟ್ಟುವ ಹುಡುಗರಲ್ಲ. ಯಾವ ಪಾತ್ರವನ್ನಾದರೂ ಆಡಬಲ್ಲವರು ತಿಳಿದೇ ಅವನನ್ನು ಆರಿಸಿಕೊಂಡಿದ್ದರು. ಆಮೇಲೆ ಪ್ಯಾಚ್‌ಗಳ, ಅಂದರೆ ಆಟಕ್ಕೆ ಮಾಡುವ ತಿದ್ದುಪಡಿಗಳ ಮೂಲಕ ಅವನ ಶಕ್ತಿಯನ್ನು ತಗ್ಗಿಸಬೇಕಾಯಿತು. ಎಡ್ಡಿಯ ವಿಷಯದಲ್ಲಿ ಆಗಿದ್ದು ಇದರ ತದ್ವಿರುದ್ಧ: ಟೆಕ್ಕೆನ್ 3ನ್ನು ಚೆನ್ನಾಗಿ ಬಲ್ಲವರು ಗೆಲ್ಲಲೇಬೇಕಾದಾಗ ಜಿನ್ ಅಥವಾ ಪಾಲ್ ಕಡೆಗೆ ಹೋಗುತ್ತಾರೆ. ಪಾಲ್‌ನ ಒಂದೇ ಗುದ್ದು ಹೆಲ್ತ್ ಬಾರಿನ ದೊಡ್ಡ ಪಾಲನ್ನು ನುಂಗುತ್ತದೆ. ಅವನ ಮೇಲೆ ನಿಮ್ಮಲ್ಲಿ ಯಾರೂ ದೂರು ತಂದಿಲ್ಲ ಎನ್ನುವುದು ನನಗೆ ಸೋಜಿಗ.

ನಿಷೇಧಿಸಲೇಬೇಕೆಂದಿದ್ದರೆ ಇನ್ನೊಂದು ತೊಡಕನ್ನೂ ಯೋಚಿಸಿ. ಟೈಗರ್ ಜ್ಯಾಕ್ಸನ್ ಎಂಬ ಇನ್ನೊಂದು ಪಾತ್ರದ ಆಟವೂ ಎಡ್ಡಿಯದೇ, ಆದ್ದರಿಂದ ಅವನೂ ಹೋಗಬೇಕು. ಮೊಕುಜಿನ್ ಎಂಬ ಮರದ ಗೊಂಬೆ ಪ್ರತಿ ಸುತ್ತಿನಲ್ಲೂ ಬೇರೆ ಯಾರದೋ ಶೈಲಿಯನ್ನು ತಾಳುತ್ತದೆ, ಅದು ಎಡ್ಡಿಯ ಶೈಲಿಯೂ ಆಗಬಹುದು.

ಹಳೆಯ ಕನ್ಸೋಲ್:

ಎಲ್ಲರಿಗೂ ಧನ್ಯವಾದಗಳು. ಮೊಕುಜಿನ್ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ನಿಷೇಧದ ಪ್ರಸ್ತಾಪವನ್ನು ಕೈಬಿಟ್ಟು, ಪಂದ್ಯಾವಳಿಗೆ ಒಂದು ವಾರ ಮೊದಲು ಎಲ್ಲರೂ ಸೇರಿ ಎಡ್ಡಿಯ ಎದುರು ಅಭ್ಯಾಸ ಮಾಡುವ ಒಂದು ಸಂಜೆಯನ್ನು ಇಟ್ಟುಕೊಳ್ಳುವಂತೆ ಬಳಗಕ್ಕೆ ಸೂಚಿಸುತ್ತೇನೆ. ಒಬ್ಬರು ಎಡ್ಡಿಯನ್ನು ಆಡುವಾಗ ಉಳಿದವರು ಸರದಿಯಲ್ಲಿ ಕಲಿಯಬಹುದು. ಮೊದಲು ಯಾವುದನ್ನು ಕಲಿಸುವುದು ಒಳ್ಳೆಯದು?

ತಾಳ್ಮೆಯ ಗಾರ್ಡ್:

ಒರಗಿರುವ ಎಡ್ಡಿಗೆ ಲೋ ಕಿಕ್ ಹೊಡೆಯುವುದನ್ನು ಮೊದಲು ಕಲಿಸಿ. ಅದಕ್ಕೆ ಸಮಯಜ್ಞಾನ ಹೆಚ್ಚು ಬೇಕಿಲ್ಲ, ಒಮ್ಮೆ ತಾಗಿದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಕುಳಿತು ತಡೆದು ಎದ್ದು ಹೊಡೆಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಮತ್ತೊಂದು ಮಾತು: ಅಂದು ಎಡ್ಡಿಯನ್ನು ಆಡುವವರು ನಿಮ್ಮಲ್ಲಿ ಚೆನ್ನಾಗಿ ಆಡಬಲ್ಲವರಾಗಿರಬಾರದು, ಕುರುಡಾಗಿ ಬಟನ್ ಕುಟ್ಟುವವರೇ ಆಗಿರಬೇಕು, ಏಕೆಂದರೆ ಪಂದ್ಯದ ದಿನ ಎದುರಾಗುವವರು ಅವರೇ.